ಬರೆದಂತೆ ಓದಲಾಗದ ಭಾಷೆ: ತೊಡಕಿನ ಇಂಗ್ಲಿಷ್ ಪದಗಳ ಉಚ್ಚಾರ ಕೈಪಿಡಿ



ಕಾಸರಗೋಡಿನಿಂದ ಅಕ್ಕಲಕೋಟೆಯವರೆಗೆ, ತಾಳವಾಡಿಯಿಂದ ಆದೋನಿಯವರೆಗೆ ನಮ್ಮ ಮನೆಗಳಲ್ಲಿ ಒಂದು ಮಾತು ಆಗಾಗ ಕೇಳಿಬರುತ್ತದೆ: “ಕನ್ನಡ ಶಾಲೆಗೆ ಹಾಕಿದರೆ ಮಕ್ಕಳಿಗೆ ಇಂಗ್ಲಿಷ್ ನಾಲಗೆ ತಿರುಗುವುದಿಲ್ಲ.” ಕನ್ನಡ ಮಾಧ್ಯಮದಲ್ಲಿ ಓದಿ ಕಾಲೇಜಿಗೆ ಹೋದ ಹುಡುಗ ಅಥವಾ ಹುಡುಗಿ ಒಂದು ಪದವನ್ನು ಅಕ್ಷರ ಇದ್ದ ಹಾಗೆ ಓದುತ್ತಾರೆ, ತರಗತಿ ನಗುತ್ತದೆ. ಮರುದಿನದಿಂದ ಉತ್ತರ ಗೊತ್ತಿದ್ದರೂ ಕೈ ಮೇಲೇಳುವುದಿಲ್ಲ. ಸಂದರ್ಶನದಲ್ಲೂ ಇದೇ ಅಳುಕು. ಅದನ್ನು ನೋಡಿದ ತಂದೆತಾಯಿ ತಮ್ಮನನ್ನೋ ತಂಗಿಯನ್ನೋ ಕನ್ನಡ ಶಾಲೆಯಿಂದ ಬಿಡಿಸುವ ಯೋಚನೆ ಮಾಡುತ್ತಾರೆ. ಉಚ್ಚಾರದ ಒಂದು ಸಣ್ಣ ತೊಡಕು ಗಡಿಯಲ್ಲಿ ಕನ್ನಡ ಶಾಲೆಯ ಹಾಜರಿ ಪುಸ್ತಕವನ್ನೇ ತಟ್ಟುವುದು ಹೀಗೆ.

ಈ ಬರಹದಲ್ಲಿ ನಾವು ಹೇಳಬೇಕೆಂದಿರುವುದು ಇಷ್ಟು. ತಪ್ಪು ಮಗುವಿನದಲ್ಲ, ಕನ್ನಡದ್ದೂ ಅಲ್ಲ. ಕನ್ನಡದಲ್ಲಿ ಅಕ್ಷರ ಕಲಿತ ಮಗು ಅಕ್ಷರವನ್ನು ನಂಬಲು ಕಲಿತಿರುತ್ತದೆ, ಇಂಗ್ಲಿಷ್ ಅಕ್ಷರ ಆ ನಂಬಿಕೆಗೆ ತಕ್ಕದ್ದಲ್ಲ. ಯಾವ ಅಕ್ಷರವನ್ನು ಎಲ್ಲಿ ನಂಬಬಾರದು ಎಂದು ತಿಳಿದರೆ ಮುಕ್ಕಾಲು ಕೆಲಸ ಮುಗಿದಂತೆ. ಉಳಿದ ಕಾಲು ಭಾಗಕ್ಕೆ ಬೇಕಾದ ಧ್ವನಿಗಳು ಎರಡು ಮೂರು ಭಾಷೆ ಆಡುವ ನಮ್ಮವರ ಬಾಯಲ್ಲಿ ಈಗಾಗಲೇ ಇವೆ.

ಓದುವ ಮುನ್ನ

ಇಂಗ್ಲಿಷ್ ಪದದ ಕಾಗುಣಿತವನ್ನು ಅಕ್ಷರಗಳ ಹೆಸರಿನಿಂದಲೂ (ಉದಾಹರಣೆಗೆ ಡಿ-ಇ-ಬಿ-ಟಿ), ಉಚ್ಚಾರವನ್ನು ಉದ್ಧರಣ ಚಿಹ್ನೆಯೊಳಗೂ (“ಡೆಟ್”) ಕೊಟ್ಟಿದ್ದೇವೆ. “ಆ್ಯ” ಎಂದರೆ “ಬ್ಯಾಂಕ್” ಎಂಬಲ್ಲಿ ಕೇಳುವ ಸ್ವರ. ಚುಕ್ಕಿ ಇಟ್ಟ “ಜ಼” ಎಂದರೆ ದುಂಬಿ ಝೇಂಕರಿಸುವಂಥ ಧ್ವನಿ. ನಮ್ಮ ಶಾಲೆಗಳ ಇಂಗ್ಲಿಷ್ ಹೆಚ್ಚಾಗಿ ಬ್ರಿಟಿಷ್ ಪದ್ಧತಿಯದಾದ್ದರಿಂದ ಅದನ್ನೇ ಅನುಸರಿಸಿದ್ದೇವೆ. ಅಮೆರಿಕದ ಉಚ್ಚಾರ ಬೇರೆಯಾಗಿದ್ದು ಗೊಂದಲ ಆಗುವಂತಿದ್ದರೆ ಅಲ್ಲಲ್ಲೇ ಹೇಳಿದ್ದೇವೆ.

1. ಕಾಗುಣಿತ ಏಕೆ ಕೈಕೊಡುತ್ತದೆ?

ಇಂಗ್ಲಿಷಿಗೆ 26 ಅಕ್ಷರಗಳು. ಆದರೆ ಬ್ರಿಟಿಷ್ ಇಂಗ್ಲಿಷಿನಲ್ಲಿ ಸುಮಾರು 44 ಧ್ವನಿಗಳಿವೆ. ಇರುವ ಐದು ಸ್ವರಾಕ್ಷರಗಳಿಂದ ಸುಮಾರು 20 ಸ್ವರಗಳನ್ನು ಬರೆಯಬೇಕು. ಅಂದಮೇಲೆ ಒಂದೇ ಅಕ್ಷರ ಹಲವು ವೇಷ ಹಾಕಲೇಬೇಕು.

ಎರಡನೆಯ ಕಾರಣ ಇತಿಹಾಸದ್ದು. ವಿಲಿಯಂ ಕ್ಯಾಕ್ಸ್‌ಟನ್ 1476ರಲ್ಲಿ ಇಂಗ್ಲೆಂಡಿಗೆ ಅಚ್ಚಿನ ಯಂತ್ರ ತಂದ. ಅಚ್ಚಾದ ಪುಸ್ತಕಗಳಿಂದ ಕಾಗುಣಿತ ನಿಧಾನವಾಗಿ ಗಟ್ಟಿಯಾಗತೊಡಗಿತು. 1755ರಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ನನ ನಿಘಂಟು ಬರುವ ಹೊತ್ತಿಗೆ ಅದು ಹೆಚ್ಚುಕಡಿಮೆ ನಿಂತುಹೋಗಿತ್ತು. ಆದರೆ ಸುಮಾರು 1400ರಿಂದ 1700ರವರೆಗಿನ ಅದೇ ಕಾಲದಲ್ಲಿ ಆ ಭಾಷೆಯ ದೀರ್ಘ ಸ್ವರಗಳೆಲ್ಲ ಜಾಗ ಬದಲಿಸಿದವು. ಹೆಸರು ಎಂಬ ಅರ್ಥದ ಎನ್-ಎ-ಎಂ-ಇ ಪದವನ್ನು ಹಿಂದೆ ಅವರು ಹೆಚ್ಚುಕಡಿಮೆ ನಮ್ಮ “ನಾಮ”ದಂತೆಯೇ ಉಚ್ಚರಿಸುತ್ತಿದ್ದರು. ಈಗ ಅದು “ನೇಮ್”. ಬಾಯಿ ಬದಲಾಯಿತು, ಬರಹ ಹಳೆಯದೇ ಉಳಿಯಿತು. ಚಾಕು ಎಂಬ ಅರ್ಥದ “ನೈಫ್” ಪದದ ಮೊದಲ ಕೆ ಅಕ್ಷರ, ರಾತ್ರಿ ಎಂಬ ಅರ್ಥದ “ನೈಟ್” ಪದದ ನಡುವಿನ ಜಿ-ಎಚ್, ಇವೆಲ್ಲ ಒಂದು ಕಾಲದಲ್ಲಿ ನಿಜವಾಗಿ ಉಚ್ಚಾರವಾಗುತ್ತಿದ್ದವು.

ಮೂರನೆಯದು ಪಂಡಿತರ ಕಿತಾಪತಿ. ಸಾಲ ಎಂಬ ಅರ್ಥದ ಪದ ಫ್ರೆಂಚಿನಿಂದ ಬಂದಾಗ ಅದರಲ್ಲಿ ಬಿ ಇರಲಿಲ್ಲ. ಲ್ಯಾಟಿನ್ ಮೂಲದಲ್ಲಿ ಬಕಾರ ಇದೆಯೆಂದು ಆಮೇಲೆ ವಿದ್ವಾಂಸರು ಒಂದು ಬಿ ತೂರಿಸಿದರು. ಜನ ಅದನ್ನು ಉಚ್ಚರಿಸಲೇ ಇಲ್ಲ. ದ್ವೀಪ ಎಂಬ ಅರ್ಥದ “ಐಲಂಡ್” ಪದದ ಎಸ್ ಇನ್ನೂ ವಿಚಿತ್ರ. ಅದು ಇಂಗ್ಲಿಷಿನದೇ ಹಳೆಯ ಪದ, ಲ್ಯಾಟಿನ್ ನಂಟೇ ಇಲ್ಲ. ಅದೇ ಅರ್ಥದ, ಲ್ಯಾಟಿನ್ ಮೂಲದ ಇನ್ನೊಂದು ಪದದ ಜೊತೆ ಗೊಂದಲವಾಗಿ ಎಸ್ ಸೇರಿಕೊಂಡಿತು. ಅಂದರೆ ಬ್ರಿಟಿಷರೇ ಮಾಡಿದ ತಪ್ಪಿಗೆ ನಮ್ಮ ಮಕ್ಕಳು ತರಗತಿಯಲ್ಲಿ ತಲೆ ತಗ್ಗಿಸಬೇಕಾಗಿಲ್ಲ.

2. ಕಿವಿಯಿಂದ ಬಂದ ಪದ, ಕಣ್ಣಿನಿಂದ ಬಂದ ಪದ

ನಮ್ಮ ಹಿರಿಯರಲ್ಲಿ ಇಂಗ್ಲಿಷ್ ಅಕ್ಷರವೇ ಬಾರದವರು “ಟಾಕೀಸು” ಎಂದರು, “ಟಾಲ್ಕೀಸು” ಎನ್ನಲಿಲ್ಲ. “ಚಾಕ್‌ಪೀಸು” ಎಂದರು, “ಚಾಲ್ಕ್” ಎನ್ನಲಿಲ್ಲ. ಬಸ್ಸಿನ “ಡಿಪೋ”ದಲ್ಲಿ ಕೊನೆಯ ಟಿ ಅಕ್ಷರ ಅವರಿಗೆ ಕೇಳಿಸಲೇ ಇಲ್ಲ, ಏಕೆಂದರೆ ಅದು ಉಚ್ಚಾರದಲ್ಲಿ ಇಲ್ಲ. ಸೇನೆಯ “ಕರ್ನಲ್” ಹುದ್ದೆಯನ್ನು ಇಂಗ್ಲಿಷಿನಲ್ಲಿ ಸಿ-ಓ-ಎಲ್-ಓ-ಎನ್-ಇ-ಎಲ್ ಎಂದು ಬರೆಯುತ್ತಾರೆ, ರಕಾರ ಎಲ್ಲೂ ಇಲ್ಲ. ಆದರೂ ಕನ್ನಡದ “ಕರ್ನಲ್” ಸರಿಯಾಗಿಯೇ ಇದೆ. “ಲೆಫ್ಟಿನೆಂಟ್” ಪದದಲ್ಲಿ ಎಫ್ ಅಕ್ಷರವೇ ಇಲ್ಲ. ಬ್ರಿಟಿಷರು ಹೇಳಿದ್ದನ್ನು ಕೇಳಿ ಕನ್ನಡ ಫಕಾರ ಹಾಕಿಕೊಂಡಿತು, ಅದೂ ಸರಿ. ಅಮೆರಿಕದವರು ಮಾತ್ರ ಇದನ್ನು “ಲೂಟೆನಂಟ್” ಎನ್ನುತ್ತಾರೆ.

ಇವೆಲ್ಲ ಕಿವಿಯಿಂದ ಬಂದ ಪದಗಳು. ಪುಸ್ತಕದಿಂದ, ಫಲಕದಿಂದ ಕಣ್ಣಿಗೆ ಬಿದ್ದ ಪದಗಳಲ್ಲೇ ನಾವು ಎಡವುವುದು ಹೆಚ್ಚು: “ಪ್ಲಂಬರ್”, “ರಿಸೀಪ್ಟ್”, “ಡೆಬ್ಟ್”, “ವೆಡ್ನೆಸ್‌ಡೇ”. ಹಾಗಾಗಿ ಮೊದಲ ಸೂತ್ರ: ಹೊಸ ಇಂಗ್ಲಿಷ್ ಪದವನ್ನು ಮೊದಲು ಕೇಳಿ, ಆಮೇಲೆ ಓದಿ.

ಒಂದು ಎಚ್ಚರಿಕೆ. ಕನ್ನಡ ಮಾತನಾಡುವಾಗ “ಬಾಂಬು”, “ಬಿಸ್ಕತ್ತು”, “ಹೋಟ್ಲು” ನಮ್ಮವೇ ಪದಗಳು, ಅವನ್ನು ತಿದ್ದುವ ಅಗತ್ಯವಿಲ್ಲ. ಕೆಳಗಿನ ಪಟ್ಟಿಗಳು ಇಂಗ್ಲಿಷ್ ಮಾತನಾಡುವ ಹೊತ್ತಿಗೆ ಮಾತ್ರ.

3. ಬರೆಯುವುದುಂಟು, ಉಚ್ಚರಿಸುವುದಿಲ್ಲ

ಬಿ: ಎಂ ಅಕ್ಷರದ ಹಿಂದೆಯೇ ಪದದ ಕೊನೆಗೆ ಬಂದ ಬಿ ಮೌನ. ಹೆಬ್ಬೆರಳು “ಥಮ್”, ಹತ್ತುವುದು “ಕ್ಲೈಮ್”, ಬಾಚಣಿಗೆ “ಕೋಮ್”, ಸಿಡಿಗುಂಡು “ಬಾಮ್”, ಗೋರಿ “ಟೂಮ್”. ನಲ್ಲಿ ರಿಪೇರಿಯವರು “ಪ್ಲಮರ್”. ಟಿ ಅಕ್ಷರದ ಮುಂಚೆ ಬಂದ ಬಿ ಕೂಡ ಹಲವು ಕಡೆ ಮೌನ: ಸಾಲ “ಡೆಟ್”, ಅನುಮಾನ “ಡೌಟ್”. ಆದರೆ ಬ್ಯಾಂಕಿನ “ಡೆಬಿಟ್” ಕಾರ್ಡಿನಲ್ಲಿ ಬಕಾರ ಉಂಟು. “ಡೆಟ್” ಮತ್ತು “ಡೆಬಿಟ್” ಬೇರೆ ಬೇರೆ ಪದಗಳು.

ಪಿ: ರಸೀದಿ ಎಂಬ ಅರ್ಥದ ಪದ “ರಿಸೀಟ್”. ಮನಶ್ಶಾಸ್ತ್ರ “ಸೈಕಾಲಜಿ”, ಶ್ವಾಸಕೋಶದ ಕಾಯಿಲೆ “ನ್ಯುಮೋನಿಯ”, ಕಪಾಟು “ಕಬರ್ಡ್”. ಎನ್‌ಸಿಸಿ ಸೇರಿದ ಮಕ್ಕಳು ವಿಶೇಷವಾಗಿ ಗಮನಿಸಬೇಕಾದ ಪದ ಅದರ ಕೊನೆಯ ಸಿ. ಅದು ಸಿ-ಓ-ಆರ್-ಪಿ-ಎಸ್, ಉಚ್ಚಾರ “ಕೋರ್”. ಪಿ, ಎಸ್ ಎರಡೂ ಮೌನ. ಅದನ್ನು “ಕಾರ್ಪ್ಸ್” ಎಂದರೆ ಕೇಳುವವರಿಗೆ ಹೆಣ ಎಂಬ ಅರ್ಥದ ಇನ್ನೊಂದು ಪದವಾಗಿ ಕೇಳಿಸುತ್ತದೆ.

ಎಲ್: ಮಾತು “ಟಾಕ್”, ನಡಿಗೆ “ವಾಕ್”, ಅರ್ಧ “ಹಾಫ್”, ಶಾಂತ “ಕಾಮ್”, ಅಂಗೈ ಮತ್ತು ತಾಳೆ ಎರಡೂ “ಪಾಮ್”, ಜಾನಪದದ “ಫೋಕ್”, ಬಾದಾಮಿ “ಆಮಂಡ್”.

ಟಿ: ಕೇಳಿಸಿಕೊಳ್ಳುವುದು “ಲಿಸನ್”, ಕೋಟೆ “ಕಾಸಲ್”, ಸಿಳ್ಳೆ “ವಿಸಲ್”, ಅಡಮಾನ “ಮಾರ್ಗಿಜ್”. ಆಗಾಗ ಎಂಬ ಅರ್ಥದ ಪದವನ್ನು “ಆಫನ್”, “ಆಫ್ಟನ್” ಎಂದು ಎರಡೂ ಬಗೆಯಲ್ಲಿ ಹೇಳುತ್ತಾರೆ, ಎರಡೂ ಸರಿ. ಫ್ರೆಂಚಿನಿಂದ ಬಂದ “ಬುಫೆ” ಊಟ, “ಬ್ಯಾಲೆ” ನೃತ್ಯಗಳಲ್ಲಿ ಕೊನೆಯ ಟಿ ಇಲ್ಲ.

ಎಚ್: ಗಂಟೆ “ಅವರ್”, ಪ್ರಾಮಾಣಿಕ “ಆನಿಸ್ಟ್”, ಗೌರವ “ಆನರ್”, ವಾರಸುದಾರ “ಏರ್”, ವಸ್ತುಪ್ರದರ್ಶನ “ಎಕ್ಸಿಬಿಷನ್”, ವಾಹನ “ವೀಇಕಲ್”.

ಜಿ, ಕೆ, ಡಬ್ಲ್ಯು: ಎನ್ ಅಕ್ಷರದ ಮುಂಚೆ ಬಂದ ಜಿ ಮತ್ತು ಕೆ ಹೆಚ್ಚಾಗಿ ಮೌನ: ಸಹಿ “ಸೈನ್”, ವಿದೇಶ “ಫಾರಿನ್”, ಪ್ರಚಾರ “ಕ್ಯಾಂಪೇನ್”, ಮೊಣಕಾಲು “ನೀ”. ಆದರೆ “ಸಿಗ್ನಲ್”, “ಸಿಗ್ನೇಚರ್” ಎಂಬಲ್ಲಿ ಗಕಾರ ಮತ್ತೆ ಬರುತ್ತದೆ. ಆರ್ ಅಕ್ಷರದ ಮುಂಚೆ ಡಬ್ಲ್ಯು ಮೌನ: “ರಾಂಗ್ ನಂಬರ್”. ಕತ್ತಿ “ಸೋರ್ಡ್”, ಉತ್ತರ “ಆನ್ಸರ್”.

ಯು, ಸಿ, ಎನ್: “ಗೆಸ್ಟ್”, “ಗಾರ್ಡ್”, “ಬಿಲ್ಡಿಂಗ್”, “ಬಿಸ್ಕಿಟ್”, “ಸರ್ಕಿಟ್”. ಇವುಗಳಲ್ಲಿ ಯು ಇದ್ದೂ ಇಲ್ಲ. ಸ್ನಾಯು “ಮಸಲ್”, ಕತ್ತರಿ “ಸಿಜ಼ರ್ಜ಼್”. ಪತ್ರಿಕೆಯ ಅಂಕಣ “ಕಾಲಮ್”, ಕೊನೆಯ ಎನ್ ಮೌನ. ಬುಧವಾರ “ವೆನ್ಸ್‌ಡೇ”. ಅದು ವೋಡನ್ ಎಂಬ ಹಳೆಯ ದೇವತೆಯ ದಿನ. ದೇವತೆಯ ಹೆಸರಿನ ಡಿ ಬರಹದಲ್ಲಿ ಉಳಿದಿದೆ, ಬಾಯಲ್ಲಿ ಕರಗಿದೆ.

4. ಒಂದೇ ಅಕ್ಷರಗುಂಪು, ಹಲವು ಧ್ವನಿ

ಓ-ಯು-ಜಿ-ಎಚ್ ಎಂಬ ನಾಲ್ಕು ಅಕ್ಷರಗಳ ಗುಂಪು ಇಂಗ್ಲಿಷ್ ಕಲಿಯುವವರಿಗೆಲ್ಲ ತಲೆನೋವು. ಆದರೂ ಎಂಬ ಅರ್ಥದ ಪದ “ದೋ”, ಮೂಲಕ ಎಂಬುದು “ಥ್ರೂ”, ಯೋಚನೆ “ಥಾಟ್”, ಗಟ್ಟಿ “ಟಫ್”, ಕೆಮ್ಮು “ಕಾಫ್”, ಮರದ ಕೊಂಬೆ “ಬೌ”, ಸಂಪೂರ್ಣ ಎಂಬುದು “ಥರ”. ಏಳು ಪದ, ಏಳು ಬಗೆ. ಇದಕ್ಕೆ ನಿಯಮವಿಲ್ಲ, ನಮ್ಮ ಮಗ್ಗಿಯಂತೆ ಬಾಯಿಪಾಠ ಮಾಡುವುದೇ ದಾರಿ.

ಸಿ-ಎಚ್ ಗುಂಪಿಗೆ ಮಾತ್ರ ಒಂದು ಸುಳಿವು ಉಂಟು. ಮನೆಮಾತಿನ ಇಂಗ್ಲಿಷ್ ಪದಗಳಲ್ಲಿ ಅದು “ಚ”: “ಚೇರ್”, “ಚರ್ಚ್”. ಗ್ರೀಕಿನಿಂದ ಬಂದ ಶಾಸ್ತ್ರಪದಗಳಲ್ಲಿ “ಕ”: “ಕೆಮಿಸ್ಟ್ರಿ”, “ಆರ್ಕಿಟೆಕ್ಟ್”, “ಸ್ಟಮಕ್”, “ಕೋರಸ್”. ಫ್ರೆಂಚಿನಿಂದ ತಡವಾಗಿ ಬಂದವುಗಳಲ್ಲಿ “ಶ”: “ಮಶೀನ್”, “ಶೆಫ್”, “ಬ್ರೋಶರ್”. ವಿಜ್ಞಾನ, ವೈದ್ಯ, ಸಂಗೀತದ ಪದವಾದರೆ ಮೊದಲು ಕಕಾರವನ್ನು ಊಹಿಸಿ, ಹೆಚ್ಚಾಗಿ ಸರಿಯಾಗುತ್ತದೆ. ನೋವು ಎಂಬ ಅರ್ಥದ ಎ-ಸಿ-ಎಚ್-ಇ ಕೂಡ “ಏಕ್”, ತಲೆನೋವು “ಹೆಡೇಕ್”.

ನಮ್ಮ ಬದುಕಿನಲ್ಲಿ ಹೆಚ್ಚು ಎದುರಾಗುವ ಇನ್ನು ಕೆಲವು:

ಕಾಡಂಚಿನ ವಯನಾಡು, ನೀಲಗಿರಿ, ತಾಳವಾಡಿಯವರಿಗೆ: ಚಿರತೆ “ಲೆಪರ್ಡ್”, “ಲಿಯೋಪಾರ್ಡ್” ಅಲ್ಲ. ಕರಡಿ “ಬೇರ್”, “ಬಿಯರ್” ಎಂದರೆ ಕುಡಿಯುವ ಪದಾರ್ಥ.

ಆಸ್ಪತ್ರೆಯಲ್ಲಿ: ಉಬ್ಬಸ “ಆ್ಯಸ್ಮ”, ಸಕ್ಕರೆ ಕಾಯಿಲೆ “ಡಯಬೀಟೀಜ಼್”, ಲಕ್ವ “ಪರ್ಯಾಲಿಸಿಸ್”, ಸೊಳ್ಳೆಯಿಂದ ಬರುವ ಜ್ವರ “ಡೆಂಗಿ”.

ಕೆಲಸ ಹುಡುಕುವವರಿಗೆ: ಸ್ವವಿವರ ಪತ್ರ “ರೆಜ಼್ಯುಮೆ”, ಮತ್ತೆ ಆರಂಭಿಸುವುದು “ರಿಜ಼್ಯೂಮ್”. ಕಾಗುಣಿತ ಒಂದೇ, ಉಚ್ಚಾರ ಎರಡು. ವ್ಯವಹಾರ “ಬಿಜ಼್ನಿಸ್”, “ಬ್ಯುಸಿನೆಸ್” ಅಲ್ಲ. ಉದ್ಯಮಿ “ಆಂಟ್ರಪ್ರನರ್”. ವೇಳಾಪಟ್ಟಿ ಬ್ರಿಟಿಷರಿಗೆ “ಶೆಡ್ಯೂಲ್”, ಅಮೆರಿಕದವರಿಗೆ “ಸ್ಕೆಜೂಲ್”. ಯಾವುದಾದರೂ ಒಂದನ್ನು ಹಿಡಿದುಕೊಳ್ಳಿ. ಎತ್ತರ “ಹೈಟ್”, ತೂಕ “ವೆಯ್ಟ್”. ಹೆಂಗಸರು ಎಂಬ ಬಹುವಚನ “ವಿಮಿನ್”.

ಅಡುಗೆಮನೆಯಲ್ಲಿ: ಮಾಡುವ ವಿಧಾನ “ರೆಸಿಪಿ”, “ರೆಸೈಪ್” ಅಲ್ಲ. ತರಕಾರಿ “ವೆಜ್‌ಟಬಲ್”. ಅದರ ಕೊನೆಯಲ್ಲಿ “ಟೇಬಲ್” ಇಲ್ಲ. ಹಾಗೆಯೇ ಅನುಕೂಲ ಎಂಬ ಅರ್ಥದ ಪದ “ಕಂಫ್ಟಬಲ್”.

5. ಪದದ ಕೊನೆ: ನಮ್ಮ ಸಂಧಿ ನಮ್ಮ ನೆರವಿಗೆ

ಭೂತಕಾಲ ಸೂಚಿಸಲು ಪದದ ಕೊನೆಗೆ ಸೇರುವ ಇ-ಡಿ ಎಲ್ಲೆಡೆ “ಎಡ್” ಆಗುವುದಿಲ್ಲ. “ವಾಕ್” ಎಂಬುದಕ್ಕೆ ಸೇರಿದರೆ “ವಾಕ್ಟ್”, “ಕಾಲ್” ಎಂಬುದಕ್ಕೆ ಸೇರಿದರೆ “ಕಾಲ್ಡ್”, “ವಾಂಟ್” ಎಂಬುದಕ್ಕೆ ಸೇರಿದರೆ “ವಾಂಟಿಡ್”. ಹಿಂದಿನ ಧ್ವನಿ ಕ, ಪ, ಸ, ಶ, ಚ, ಫ ಮೊದಲಾದ ಕರ್ಕಶವಾಗಿದ್ದರೆ “ಟ್”, ಮೃದುವಾಗಿದ್ದರೆ “ಡ್”, ಟ ಅಥವಾ ಡ ಆಗಿದ್ದರೆ ಮಾತ್ರ “ಇಡ್”. ಬಹುವಚನದ ಎಸ್ ಕೂಡ ಹೀಗೆಯೇ: “ಕ್ಯಾಟ್ಸ್”, “ಡಾಗ್ಜ಼್”, “ಬಸಿಜ಼್”.

ಇದು ನಮಗೆ ಹೊಸದಲ್ಲ. ಮಳೆ ಮತ್ತು ಕಾಲ ಸೇರಿದಾಗ “ಮಳೆಗಾಲ” ಆಗುತ್ತದೆ. ಅಕ್ಕಪಕ್ಕದ ಧ್ವನಿ ನೋಡಿ ಅಕ್ಷರ ಬದಲಾಗುವುದನ್ನು ಆದೇಶ ಸಂಧಿ ಎಂದು ಏಳನೆಯ ತರಗತಿಯ ಹುಡುಗನೂ ಹೇಳುತ್ತಾನೆ. ಅದೇ ತಿಳಿವಳಿಕೆಯನ್ನು ಇಲ್ಲಿ ಬಳಸಿದರೆ ಸಾಕು.

ಎ-ಟಿ-ಇ, ಎ-ಜಿ-ಇ, ಎ-ಐ-ಎನ್ ಎಂದು ಮುಗಿಯುವ ನಾಮಪದಗಳಲ್ಲಿ ಕೊನೆಯ ಭಾಗ ಸಾಮಾನ್ಯವಾಗಿ ಹ್ರಸ್ವ: “ಸರ್ಟಿಫಿಕಿಟ್”, “ಪ್ರೈವಿಟ್”, “ಕ್ಲೈಮಿಟ್”, “ಚಾಕ್ಲಿಟ್”, “ವಿಲಿಜ್”, “ಲಗಿಜ್”, “ಮೌಂಟಿನ್”. ನಾವು ಅಕ್ಷರ ನೋಡಿ “ಏ” ಎಂದು ಎಳೆಯುತ್ತೇವೆ. ಅದೇ ರೂಪ ಕ್ರಿಯಾಪದವಾದಾಗ ಎಳೆಯುವುದು ಸರಿ. ಪದವೀಧರ “ಗ್ರ್ಯಾಜುಅಟ್”, ಪದವಿ ಪಡೆಯುವುದು “ಗ್ರ್ಯಾಜುಏಟ್”.

6. ಒತ್ತು: ಕನ್ನಡಿಗರಿಗೆ ಕಾಣದ ತೊಡಕು

ಕನ್ನಡದಲ್ಲಿ ಪದದ ಯಾವ ಭಾಗವನ್ನು ಒತ್ತಿ ಹೇಳಿದರೂ ಅರ್ಥ ಬದಲಾಗುವುದಿಲ್ಲ. ನಮಗೆ ಮುಖ್ಯವಾದದ್ದು ಹ್ರಸ್ವ ಮತ್ತು ದೀರ್ಘ. ಇಂಗ್ಲಿಷಿನಲ್ಲಿ ಪ್ರತಿ ದೊಡ್ಡ ಪದದಲ್ಲೂ ಒಂದು ಭಾಗ ಎದ್ದು ಕೇಳಬೇಕು, ಉಳಿದವು ತಗ್ಗಬೇಕು. ಒಂದೊಂದು ಧ್ವನಿ ಸರಿಯಿದ್ದೂ ಒತ್ತು ತಪ್ಪಿದರೆ ಹೊರದೇಶದ ಕೇಳುಗರಿಗೆ ಪದವೇ ತಿಳಿಯದೆ ಹೋಗುವುದುಂಟು. ಆದ್ದರಿಂದ ಇದಕ್ಕೆ ಹೆಚ್ಚು ಗಮನ ಕೊಡಿ.

ಎರಡನೆಯ ಭಾಗಕ್ಕೆ ಒತ್ತು: ಹೋ-ಟೆಲ್, ಡಿ-ವೆ-ಲಪ್, ಕ-ಮಿ-ಟಿ, ಕ-ಡೆಟ್, ಪೊ-ಲೀಸ್, ಇ-ವೆಂಟ್. ನಾವು ಇವುಗಳಲ್ಲಿ ಹಲವನ್ನು ಮೊದಲ ಭಾಗ ಒತ್ತಿ ಹೇಳುತ್ತೇವೆ.

ಒಂದೇ ಕುಟುಂಬದಲ್ಲಿ ಒತ್ತು ಓಡಾಡುವುದುಂಟು. ಫೋ-ಟ-ಗ್ರಾಫ್ ಎಂಬಲ್ಲಿ ಮೊದಲ ಭಾಗಕ್ಕೆ, ಫ-ಟಾ-ಗ್ರ-ಫರ್ ಎಂಬಲ್ಲಿ ಎರಡನೆಯದಕ್ಕೆ, ಫೋ-ಟ-ಗ್ರ್ಯಾ-ಫಿಕ್ ಎಂಬಲ್ಲಿ ಮೂರನೆಯದಕ್ಕೆ.

ಎರಡು ಭಾಗದ ಕೆಲವು ಪದಗಳು ನಾಮಪದವಾದರೆ ಮೊದಲ ಭಾಗಕ್ಕೆ, ಕ್ರಿಯಾಪದವಾದರೆ ಎರಡನೆಯದಕ್ಕೆ ಒತ್ತು. ದಾಖಲೆ “ರೆ-ಕರ್ಡ್”, ದಾಖಲಿಸುವುದು “ರಿ-ಕಾರ್ಡ್”. ಉಡುಗೊರೆ “ಪ್ರೆ-ಜ಼ಂಟ್”, ಮುಂದಿಡುವುದು “ಪ್ರಿ-ಜ಼ೆಂಟ್”. ವಸ್ತು “ಆಬ್-ಜೆಕ್ಟ್”, ಆಕ್ಷೇಪಿಸುವುದು “ಅಬ್-ಜೆಕ್ಟ್”.

ನಂಬಬಹುದಾದ ಒಂದು ನಿಯಮ: “-ಷನ್”, “-ಇಕ್”, “-ಇಟಿ” ಎಂದು ಮುಗಿಯುವ ಪದಗಳಲ್ಲಿ ಒತ್ತು ಆ ಕೊನೆಯ ತುಣುಕಿನ ಹಿಂದಿನ ಭಾಗಕ್ಕೆ ಬೀಳುತ್ತದೆ. ಎಜು-ಕೇ-ಷನ್, ಇ-ಲೆಕ್-ಟ್ರಿಕ್, ಇಲೆಕ್-ಟ್ರಿ-ಸಿಟಿ, ಯೂನಿ-ವರ್-ಸಿಟಿ. “ಪಾಲಿಟಿಕ್ಸ್” ಥರದ ಕೆಲವು ಮಾತ್ರ ಈ ನಿಯಮ ಮೀರುತ್ತವೆ. ಅದರಲ್ಲಿ ಮೊದಲ ಭಾಗಕ್ಕೆ ಒತ್ತು.

7. ನಮ್ಮ ನಾಲಗೆಯ ರೂಢಿ, ನೆರೆಭಾಷೆಯ ಕೊಡುಗೆ

ಕನ್ನಡದ ಕೆಲವು ರೂಢಿಗಳು ಇಂಗ್ಲಿಷಿಗೂ ಜಾರುತ್ತವೆ. ಪದದ ಮೊದಲಿಗೆ ಬಂದ ಎ, ಇ ಸ್ವರಗಳಿಗೆ ನಾವು ಯಕಾರ ಸೇರಿಸುತ್ತೇವೆ: “ಎಲ್ಲಿ” ಎಂಬುದು ಬಾಯಲ್ಲಿ “ಯೆಲ್ಲಿ”. ಹಾಗಾಗಿ ಮೊಟ್ಟೆ “ಯೆಗ್” ಆಗುತ್ತದೆ, ಕಿವಿಯೂ ವರ್ಷವೂ ಒಂದೇ ಪದವಾಗುತ್ತವೆ. ಒ ಸ್ವರಕ್ಕೆ ವಕಾರ ಸೇರಿ “ವೋಲ್ಡ್” ಆಗುತ್ತದೆ. ಬಾಯಿ ತೆರೆದು ಸ್ವರದಿಂದಲೇ ಶುರು ಮಾಡುವ ಅಭ್ಯಾಸ ಬೇಕು. ಹೊಸೂರು, ತಾಳವಾಡಿ ಕಡೆಯ ಆಡುಮಾತಿನಲ್ಲಿ “ಹಾಲು” ಎಂಬುದು “ಆಲು” ಆಗುವಂತೆ ಇಂಗ್ಲಿಷಿನ ಹಕಾರವೂ ಉದುರುತ್ತದೆ. ಆಗ ಬಿಸಿ ಎಂಬ “ಹೀಟ್”, ತಿನ್ನು ಎಂಬ “ಈಟ್” ಬೆರೆತುಹೋಗುತ್ತವೆ. ನಮ್ಮ ವಕಾರ ಒಂದೇ, ಇಂಗ್ಲಿಷಿನಲ್ಲಿ ಎರಡು. ವಿ ಅಕ್ಷರಕ್ಕೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು, ಡಬ್ಲ್ಯು ಅಕ್ಷರಕ್ಕೆ ಹಲ್ಲು ತಾಗದೆ ತುಟಿ ಮಾತ್ರ ದುಂಡಗಾಗಬೇಕು. ಟಿ-ಎಚ್ ಧ್ವನಿಗೆ ನಾಲಗೆಯ ತುದಿ ಹಲ್ಲುಗಳ ನಡುವೆ ಬಂದು ಗಾಳಿ ಸೋರಬೇಕು. ಅದು ಸಾಧ್ಯವಾಗದಿದ್ದರೆ ನಮ್ಮ ಥ, ದ ಸಾಕು, ಟ, ಡ ಬೇಡ.

ಇನ್ನು ಗಡಿಯಲ್ಲಿರುವ ನಮಗೆ ಸಿಕ್ಕಿರುವ ಲಾಭ ನೋಡಿ.

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯವರು “ಮ್ಯಾಲ”, “ಹ್ಯಾಂಗ” ಎನ್ನುವಾಗಲೇ ಇಂಗ್ಲಿಷಿನ “ಆ್ಯ” ಸ್ವರವನ್ನು ಆಡುತ್ತಿದ್ದಾರೆ. ಮರಾಠಿಯಲ್ಲಿ ಹತ್ತಿರ ಎಂಬ ಅರ್ಥದ “ಜವಳ” ಪದದ ಜಕಾರ “ಜ಼” ಧ್ವನಿಗೆ ತೀರ ಸಮೀಪ. ಅದನ್ನೇ “ಜ಼ೀರೋ”, “ಜ಼ೂ” ಎಂಬಲ್ಲಿ ಬಳಸಿ. ಜೊತೆಗೆ ಮರಾಠಿಯ ಬರಹದಲ್ಲಿ ಹ್ರಸ್ವ ಎ, ದೀರ್ಘ ಏ ಎಂಬ ಭೇದವಿಲ್ಲ, ಕನ್ನಡದಲ್ಲಿ ಉಂಟು. “ಟೆಸ್ಟ್” ಮತ್ತು “ಟೇಸ್ಟ್”, “ಪೆನ್” ಮತ್ತು “ಪೇನ್” ಬೇರೆ ಮಾಡಲು ಕನ್ನಡ ಬಲ್ಲ ಮಗುವಿಗೆ ಕಷ್ಟವೇ ಇಲ್ಲ.

ಕಾಸರಗೋಡಿನವರ ನಾಲಗೆಗೆ ಮಲಯಾಳ ಒಂದು ಒಳ್ಳೆಯ ಪಾಠ ಕಲಿಸಿದೆ. ಮಲಯಾಳದಲ್ಲಿ ಗಾಳಿಗೆ ಹೇಳುವ “ಕಾಟ್ಟ್” ಪದದ ಕೊನೆಯ ಧ್ವನಿಗೆ ನಾಲಗೆಯ ತುದಿ ಮೇಲಿನ ಹಲ್ಲಿನ ಹಿಂದಿನ ವಸಡಿಗೆ ತಾಗುತ್ತದೆ. ಇಂಗ್ಲಿಷಿನ ಟಿ ಇರುವುದೂ ಅಲ್ಲೇ, ನಮ್ಮ ಟಕಾರದಷ್ಟು ಹಿಂದಕ್ಕಲ್ಲ. ಆದರೆ “ಸೆಂಟರ್” ಎಂಬುದು “ಸೆಂಡರ್”, “ಬ್ಯಾಂಕ್” ಎಂಬುದು “ಬ್ಯಾಂಗ್” ಆಗುವ ಅಲ್ಲಿನ ರೂಢಿಯನ್ನು ಇಂಗ್ಲಿಷಿಗೆ ತರಬಾರದು. ತಮಿಳು ನೆರೆಯವರಿಗೂ ಇದೇ ಎಚ್ಚರ ಬೇಕು. ತಮಿಳು ಲಿಪಿಯಲ್ಲಿ ಪ-ಬ, ಕ-ಗ ಎಂಬ ಭೇದ ಇಲ್ಲದಿರುವಲ್ಲಿ ಕನ್ನಡ ಅಕ್ಷರಮಾಲೆ ಹೊಸೂರಿನ ಮಗುವಿಗೆ ಆಸರೆ.

ಪಶ್ಚಿಮ ತೆಲಂಗಾಣದ ಊರುಗಳಲ್ಲಿ ಉರ್ದು ಕಿವಿಗೆ ಬೀಳುತ್ತಲೇ ಇರುತ್ತದೆ. ಅದರ “ಜ಼ಮೀನ್”, “ಸಾಫ್” ಪದಗಳಲ್ಲಿ ಇಂಗ್ಲಿಷಿನ ಜ಼ೆಡ್ ಮತ್ತು ಎಫ್ ಧ್ವನಿಗಳು ಸಿದ್ಧವಾಗಿವೆ. ತುಳು ಬಲ್ಲವರಿಗೂ ಒಂದು ಅನುಕೂಲ ಉಂಟು. “ನಾನು ಬರುತ್ತೇನೆ”, “ಅವನು ಬರುತ್ತಾನೆ” ಎಂಬವು ತುಳುವಿನಲ್ಲಿ ಕೊನೆಯ ಎಕಾರದ ತೆರೆದ ಮತ್ತು ಮುಚ್ಚಿದ ಉಚ್ಚಾರದಿಂದಲೇ ಬೇರೆಯಾಗುತ್ತವೆ. ಆ ಕಿವಿಗೆ ಇಂಗ್ಲಿಷಿನ “ಮೆನ್” ಮತ್ತು “ಮ್ಯಾನ್” ಭೇದ ಕಷ್ಟವಲ್ಲ.

8. ತಿದ್ದಿಕೊಳ್ಳಬೇಕಾದದ್ದು, ಬಿಟ್ಟುಬಿಡಬಹುದಾದದ್ದು

ಅರ್ಥ ಕೆಡುವ ತಪ್ಪುಗಳನ್ನು ಮೊದಲು ತಿದ್ದಿಕೊಳ್ಳೋಣ: ಮೌನಾಕ್ಷರ, ಒತ್ತು, ಬೇರೆ ಪದವಾಗಿಬಿಡುವ ಸ್ವರ. ಮಾತಿನ ಸೊಗಡು ಬೇರೆ ವಿಷಯ. ಸ್ಕಾಟ್ಲೆಂಡ್, ಐರ್ಲೆಂಡ್, ಅಮೆರಿಕದವರು ರಕಾರವನ್ನು ಎಲ್ಲೆಡೆ ಉಚ್ಚರಿಸುತ್ತಾರೆ, ಲಂಡನ್ನಿನವರು ಸ್ವರದ ಮುಂಚೆ ಮಾತ್ರ. ನಾವು “ಕಾರ್” ಎಂಬಲ್ಲಿ ರಕಾರ ಹೇಳಿದರೆ ಕುಂದೇನೂ ಇಲ್ಲ. ಕನ್ನಡದ ರಾಗ 'ಇಂಗ್ಲಿಷಿನಲ್ಲಿ ಕೇಳಿಸಿದರೆ ಅದೂ ತಪ್ಪಲ್ಲ. ಬ್ರಿಟಿಷರು ಮಡಿಕೇರಿಯನ್ನು “ಮರ್ಕೆರಾ” ಎಂದರು, ಸೊಲ್ಲಾಪುರವನ್ನು “ಶೋಲಾಪುರ್” ಎಂದರು, ಉದಕಮಂಡಲವನ್ನು “ಊಟಕಮಂಡ್” ಎಂದರು. ಅದಕ್ಕಾಗಿ ಅವರಾರೂ ಬಾಯಿ ಮುಚ್ಚಿ ಕುಳಿತವರಲ್ಲ.

9. ಮನೆಯಲ್ಲೇ ಮಾಡಬಹುದಾದ ಅಭ್ಯಾಸ

ಒಂದು ನೋಟ್‌ಬುಕ್ಕಿನಲ್ಲಿ ಮೂರು ಅಂಕಣ ಹಾಕಿ. ಮೊದಲನೆಯದರಲ್ಲಿ ಇಂಗ್ಲಿಷ್ ಕಾಗುಣಿತ, ಎರಡನೆಯದರಲ್ಲಿ ಕನ್ನಡ ಲಿಪಿಯಲ್ಲಿ ಕೇಳಿದಂತೆ ಉಚ್ಚಾರ, ಮೂರನೆಯದರಲ್ಲಿ ಅರ್ಥ. ಒತ್ತು ಬೀಳುವ ಭಾಗದ ಕೆಳಗೆ ಗೆರೆ ಎಳೆಯಿರಿ. ಇಂಗ್ಲಿಷ್ ಉಚ್ಚಾರವನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳುವುದು ನಾಚಿಕೆಯ ಕೆಲಸ ಎಂದು ಕೆಲವರು ತಿಳಿದಿದ್ದಾರೆ. ಇಂಗ್ಲಿಷ್ ನಿಘಂಟುಗಳೂ ಇದನ್ನೇ ಮಾಡುತ್ತವೆ. ತಮ್ಮ ಲಿಪಿ ಸಾಲದೆ ಪ್ರತಿ ಪದದ ಮುಂದೆ ಬೇರೊಂದು ಧ್ವನಿಲಿಪಿಯಲ್ಲಿ ಉಚ್ಚಾರ ಕೊಡುತ್ತವೆ. ನಮಗೆ ಆ ಸೌಕರ್ಯ ಒಂದನೆಯ ತರಗತಿಯಿಂದಲೇ ಕೈಯಲ್ಲಿದೆ.

ಮೊಬೈಲಿನ ನಿಘಂಟುಗಳಲ್ಲಿ ಧ್ವನಿವರ್ಧಕದ ಗುರುತು ಒತ್ತಿದರೆ ಉಚ್ಚಾರ ಕೇಳುತ್ತದೆ. ಮೂರು ಸಲ ಕೇಳಿ, ಮೂರು ಸಲ ಹೇಳಿ, ಆಮೇಲೆ ಬರೆಯಿರಿ. ದಿನಕ್ಕೆ ಐದು ಪದ ಸಾಕು, ತಿಂಗಳಿಗೆ 150 ಆಗುತ್ತದೆ. ಒಂಟಿ ಪದವಾಗಿ ಅಲ್ಲ, ಒಂದು ಚಿಕ್ಕ ವಾಕ್ಯದಲ್ಲಿ ಹೇಳುವ ರೂಢಿ ಇರಲಿ.

ಹಿರಿಯರಲ್ಲಿ, ಶಿಕ್ಷಕರಲ್ಲಿ ಒಂದು ವಿನಂತಿ. ಮಗು ತಪ್ಪು ಉಚ್ಚರಿಸಿದಾಗ ನಡುವೆ ತಡೆಯಬೇಡಿ, ನಗಬೇಡಿ. ಅದು ಮಾತು ಮುಗಿಸಲಿ. ಉತ್ತರ ಕೊಡುವಾಗ ಅದೇ ಪದವನ್ನು ನೀವು ಸರಿಯಾಗಿ ಬಳಸಿ, ಮಗುವಿನ ಕಿವಿ ತಾನೇ ಹಿಡಿದುಕೊಳ್ಳುತ್ತದೆ. ತಪ್ಪಾಗಿ ಉಚ್ಚರಿಸುವ ಮಗು ಆ ಪದವನ್ನು ತಾನೇ ಓದಿ ಕಲಿತಿದೆ, ಯಾರ ಬಾಯಿಂದಲೋ ಕೇಳಿ ಅಲ್ಲ. ಓದುವ ಮಗುವನ್ನು ನಾಚಿಸಬಾರದು.

ಈ ಪಟ್ಟಿಯನ್ನು ಮುದ್ರಿಸಿ ನಿಮ್ಮ ಊರಿನ ಕನ್ನಡ ಶಾಲೆಯ ಫಲಕದಲ್ಲಿ, ಗ್ರಂಥಾಲಯದಲ್ಲಿ ಹಾಕಬಹುದು. ನಿಮ್ಮ ಮಕ್ಕಳಿಗೆ ತೊಡಕಾದ ಬೇರೆ ಪದಗಳಿದ್ದರೆ ಬರೆದು ಕಳುಹಿಸಿ. ಸಾಕಷ್ಟು ಸೇರಿದ ಮೇಲೆ ಎರಡನೆಯ ಪಟ್ಟಿಯನ್ನು ಇದೇ ಪುಟದಲ್ಲಿ ಕೊಡುತ್ತೇವೆ.